ಹೆಜ್ಜೆಯೂರಿದಾಗ ಪಾದ ನಡುಗುವುದು ಮತ್ತು ರಿಫ್ಲೆಕ್ಸ್ ತರಬೇತಿ

ಬೆನ್ನುಹುರಿಗೆ ಭಾಗಶಃ ಪೆಟ್ಟಾಗಿರುವ ನಿಮ್ಮ ತಂದೆಯವರು ಹೆಜ್ಜೆಯೂರಿದೊಡನೆ ಪಾದ ಪಟಪಟನೆ ನಡುಗುತ್ತದೆ, ಏನು ಮಾಡಬಹುದು ಎಂದು ಕೇಳಿದ್ದೀರಿ. ಇದಕ್ಕೆ ಬಹುಶಃ ಮೀನಖಂಡದ ಸೋಲಿಯಸ್ ಸ್ನಾಯುವಿನ ರಿಫ್ಲೆಕ್ಸ್ (ತಂತಾನೇ ಆಗುವ ಪ್ರತಿಕ್ರಿಯೆ) ಮಿತಿಮೀರಿರುವುದೇ ಕಾರಣ. ಮಿದುಳಿನಿಂದ ಇಳಿದುಬರಬೇಕಾದ ಹತೋಟಿ ಕುಗ್ಗಿದಾಗ ಸ್ನಾಯು ತುಸು ಹಿಗ್ಗಿದರೂ ಜೋರಾಗಿ ಸೆಟೆಯುತ್ತದೆ. ಪರೀಕ್ಷಿಸದೆ ಇದನ್ನು ಖಚಿತವಾಗಿ ಹೇಳಲಾಗದು.

ಮೊದಲು ನರರೋಗ ತಜ್ಞರಲ್ಲಿ, ಈ ರಿಫ್ಲೆಕ್ಸ್ ಎಷ್ಟಿದೆಯೆಂದು ಅಳೆಯುವ ಎಚ್-ರಿಫ್ಲೆಕ್ಸ್ ಪರೀಕ್ಷೆ ಮಾಡಿಸಿ. ರಿಫ್ಲೆಕ್ಸ್ ಹೆಚ್ಚಿದ್ದು, ಮೀನಖಂಡವನ್ನು ಅವರು ತಾವಾಗಿಯೇ ಸ್ವಲ್ಪವಾದರೂ ಬಿಗಿಹಿಡಿಯಬಲ್ಲರಾದರೆ, ಆಪರಂಟ್ ಕಂಡೀಷನಿಂಗ್ ಎಂಬ ತರಬೇತಿಯ ಕುರಿತು ವಿಚಾರಿಸಿ. ಅದರಲ್ಲಿ ಮಂಡಿಯ ಹಿಂಭಾಗದ ನರಕ್ಕೆ ಸಣ್ಣ ವಿದ್ಯುತ್ ಮಿಡಿತ ಕೊಡುತ್ತಾರೆ. ಆಗ ರಿಫ್ಲೆಕ್ಸ್ ಎಷ್ಟಾಯಿತೆಂದು ತೋರಿಸುತ್ತ ಪರದೆಯ ಮೇಲೆ ಏಳುವ ಪಟ್ಟಿ ಗುರುತಿನೊಳಗೆ ನಿಂತರೆ ಹಸಿರು, ಮೀರಿದರೆ ಕೆಂಪು. ಹಸಿರು ಬರಿಸುವ ಬಗೆಯನ್ನು ಬಾಯಲ್ಲಿ ಹೇಳಿಕೊಡಲಾಗದು, ಪ್ರಯತ್ನಿಸುತ್ತ ದೇಹವೇ ಕಲಿಯಬೇಕು. 2013ರ ಒಂದು ಅಧ್ಯಯನದಲ್ಲಿ ವಾರಕ್ಕೆ 3ರಂತೆ 30 ಬಾರಿ ಅಭ್ಯಾಸ ಮಾಡಿದ 9 ಜನರ ಪೈಕಿ 6 ಮಂದಿಯ ರಿಫ್ಲೆಕ್ಸ್ ತಗ್ಗಿ, ನಡಿಗೆಯ ವೇಗ ಸುಧಾರಿಸಿತು. ಎಲ್ಲರಿಗೂ ಫಲಿಸದು, ಹೆಚ್ಚಾಗಿ ಸಂಶೋಧನಾ ಕೇಂದ್ರಗಳಲ್ಲೇ ಸಿಗುತ್ತದೆ.

ಅಲ್ಲಿಯವರೆಗೆ, ನಡುಕ ಬಂದಾಗ ಕುಳಿತು ಹಿಮ್ಮಡಿಯನ್ನು ನೆಲಕ್ಕೆ ಒತ್ತಿ ಹಿಡಿಯಲಿ. ನಡುಕ ದಿಢೀರನೆ ಹೆಚ್ಚಿದರೆ ಮೂತ್ರದ ಸೋಂಕು, ಒತ್ತುಹುಣ್ಣು ಇವೆಯೇ ಎಂದು ವೈದ್ಯರಿಗೆ ತೋರಿಸಿ. ಸ್ನಾಯುಗಳ ಸೆಟೆತ ತಗ್ಗಿಸುವ ಬ್ಯಾಕ್ಲೋಫೆನ್ ಔಷಧಿ ಸೇವಿಸುತ್ತಿದ್ದರೆ, ತರಬೇತಿಯ ಭರವಸೆಯಲ್ಲಿ ಅದನ್ನು ಹಠಾತ್ತನೆ ನಿಲ್ಲಿಸಲೇಬೇಡಿ, ಪ್ರಾಣಕ್ಕೇ ಅಪಾಯವಾಗಬಹುದು.