ನಾದ ಸಂವಾದ: ಓದುಗರ ಪ್ರಶ್ನೆ, ವೀಣೆ ಮೇಷ್ಟರ ಉತ್ತರ

ಪ್ರಶ್ನೆ: ನಮ್ಮ ಕಾಲೇಜಿನಲ್ಲಿ ಚಿತ್ರಕಲೆಯವರ ಜೊತೆ ಸೇರಿ ಒಂದು ಕಾರ್ಯಕ್ರಮವಿದೆ. ತಂಡಕ್ಕೊಂದು ಚಿತ್ರ, ಅದನ್ನು ಹತ್ತು ನಿಮಿಷ ಸಂಗೀತದಲ್ಲಿ ಹೇಳಬೇಕು. ನಮಗೆ ಬಂದಿರುವುದು ರವಿವರ್ಮನ ‘ದೀಪ ಹಿಡಿದ ಹೆಣ್ಣು’. ನನ್ನದು ವೀಣೆ, ಜೊತೆಗೆ ಪಿಟೀಲು, ಮೃದಂಗ. ದೀಪವೆಂದರೆ ಸಂಜೆ, ಸಂಜೆಯೆಂದರೆ ಕಲ್ಯಾಣಿ ಎನ್ನುತ್ತಾಳೆ ಪಿಟೀಲಿನ ಗೆಳತಿ. ದೀಪದ ಮೇಲಿನ ಹಾಡು ಹುಡುಕಿ ಎನ್ನುತ್ತಾರೆ ಕೆಲವರು. ಯಾವುದೂ ಮನಸ್ಸಿಗೆ ಹಿಡಿಸುತ್ತಿಲ್ಲ. ರಾಗವನ್ನು ಆರಿಸುವುದು ಹೇಗೆ ಸರ್? ಇದೆಲ್ಲ ಬರೀ ಗಿಮಿಕ್ ಅಲ್ಲ ತಾನೇ?
– ವೀಣೆ ವಿದ್ಯಾರ್ಥಿನಿ, ಮೈಸೂರು

ಉತ್ತರ: ಮಗು, ಮೊದಲು ಹೆಸರನ್ನು ತಿದ್ದಿಕೋ. ಆ ಚಿತ್ರ ರವಿವರ್ಮನದಲ್ಲ. ಬರೆದವರು ಎಸ್.ಎಲ್. ಹಲ್ದಣಕರ್, 1945–46ರ ಸುಮಾರಿಗೆ. ದೀಪ ಹಿಡಿದು ನಿಂತವರು ಅವರದೇ ಮಗಳು ಗೀತಾ. ನಮ್ಮೂರಿನಲ್ಲೇ ಎಷ್ಟೋ ಜನ ಇಂದಿಗೂ ರವಿವರ್ಮನೆಂದೇ ಹೇಳುತ್ತಾರೆ, ನನಗೆ ಪ್ರತಿ ಸಲವೂ ಸಂಕಟವಾಗುತ್ತದೆ. ಅದು ತೈಲವರ್ಣವೂ ಅಲ್ಲ, ಜಲವರ್ಣ. ಈ ಮಾತು ನಿನ್ನ ಸಂಗೀತಕ್ಕೂ ಬೇಕು. ಜಲವರ್ಣದಲ್ಲಿ ಬೆಳಕೆಂದರೆ ಬಹುಪಾಲು ಬಣ್ಣ ತೆಳುವಾಗಿ ಹರಿದ, ಇಲ್ಲವೇ ಹಚ್ಚದೆ ಬಿಟ್ಟ ಕಾಗದ. ಹಾಗೆಯೇ ನೀನು ಎಲ್ಲಿ ಮೀಟುತ್ತೀ ಎನ್ನುವಷ್ಟೇ ಎಲ್ಲಿ ಮೀಟದೆ ಬಿಡುತ್ತೀ ಎನ್ನುವುದನ್ನೂ ಯೋಚಿಸು.

ಮೊಬೈಲ್ ಪರದೆಯಲ್ಲಿ ನೋಡಿ ರಾಗ ಹುಡುಕಬೇಡ. ಚಿತ್ರ ಇರುವುದು ನಿನ್ನ ಊರಿನ ಜಗನ್ಮೋಹನ ಅರಮನೆಯಲ್ಲಿ. ಮೂವರೂ ಹೋಗಿ, ಅದರ ಮುಂದೆ ಅರ್ಧ ಗಂಟೆ ಮಾತಿಲ್ಲದೆ ನಿಲ್ಲಿ. ಒಂದು ಕೈಯಲ್ಲಿ ದೀಪ, ಇನ್ನೊಂದು ಕೈ ಅದಕ್ಕೆ ಮರೆ. ಕುಡಿಯನ್ನು ಮರೆಮಾಡಿದ್ದರಿಂದಲೇ ಬೆರಳುಗಳು ಕೆಂಪಾಗಿವೆ, ಮುಖ ಬೆಳಗಿದೆ. ಚಿತ್ರದ ಜೀವ ಆ ಮರೆಯಲ್ಲಿದೆ. ದೀಪಕ್ಕೆ ದೀಪದ ಹಾಡು ಎಂದು ಹೊರಟರೆ ಕೈಗೆ ಸಿಗುವುದು ಚಿತ್ರದ ಹೆಸರು ಮಾತ್ರ.

ನನ್ನಲ್ಲಿ ಕಲಿಯುತ್ತಿದ್ದ ಒಬ್ಬ ಹುಡುಗಿ ಹಿಂದೊಮ್ಮೆ ಇದೇ ಚಿತ್ರವನ್ನು ಎತ್ತಿಕೊಂಡಿದ್ದಳು. ಒಂದು ರಾತ್ರಿ ಮನೆಯ ದೀಪಗಳನ್ನೆಲ್ಲ ಆರಿಸಿ, ದೇವರ ಮುಂದಿನ ಹಿತ್ತಾಳೆಯ ಹಣತೆಯನ್ನು ಹಾಗೆಯೇ ಹಿಡಿದು ಕನ್ನಡಿಯ ಮುಂದೆ ನಿಂತಳಂತೆ. ಒಂದು ನಿಮಿಷ ಕಳೆಯುವುದರಲ್ಲಿ ಅಂಗೈ ಬಿಸಿಯಾಯಿತು. ಕೈ ತುಸು ಹಿಂದೆ ಸರಿದರೆ ಗಾಳಿ ತಾಗಿ ಕುಡಿ ಬಾಗುತ್ತದೆ, ಮುಂದೆ ತಂದರೆ ಸುಡುತ್ತದೆ. ಆ ಸಣ್ಣ ಓಲಾಟದಲ್ಲಿ ಮುಖದ ಮೇಲಿನ ಬೆಳಕು ಅಲುಗುತ್ತಲೇ ಇತ್ತು. ಮರುದಿನ ಪಾಠಕ್ಕೆ ಬಂದವಳೇ ವೀಣೆಯಲ್ಲಿ ಗಾಂಧಾರದ (‘ಗ’ ಸ್ವರದ) ಮೆಟ್ಟಿಲ, ಅಂದರೆ ಬೆರಳೊತ್ತುವ ಪಟ್ಟಿಯ, ಮೇಲೆ ತಂತಿಯನ್ನು ಕೂದಲೆಳೆಯಷ್ಟು ಎಳೆದು ಬಿಟ್ಟು, ‘ಸರ್, ಇಷ್ಟು ಸಾಕಲ್ಲವೇ?’ ಎಂದಳು. ಅಷ್ಟೇ ಸಾಕಾಗಿತ್ತು. ಅಲ್ಲಿಯವರೆಗೆ ಅವಳಿಗೆ ಕಂಪಿತ, ಅಂದರೆ ಸ್ವರವನ್ನು ನಡುಗಿಸುವುದು, ಎಂದರೆ ತಂತಿಯನ್ನು ಜಗ್ಗುವುದು ಎಂದಷ್ಟೇ ಆಗಿತ್ತು.

ಇನ್ನು ರಾಗ. ಕಲ್ಯಾಣಿ ದೊಡ್ಡ ರಾಗ, ಆದರೆ ಈ ಚಿತ್ರಕ್ಕೆ ಅದರ ಬೆಳಕು ಹೆಚ್ಚಾಯಿತು ಎಂದು ನನ್ನ ಮನಸ್ಸು ಹೇಳುತ್ತದೆ. ನಾನಾಗಿದ್ದರೆ ಶ್ರೀರಂಜನಿಯನ್ನು ಹಿಡಿಯುತ್ತಿದ್ದೆ. ಅದರಲ್ಲಿ ಪಂಚಮ, ಅಂದರೆ ‘ಪ’ ಸ್ವರ, ಇಲ್ಲ. ಮಧ್ಯಮದಿಂದ (ಮ) ಧೈವತಕ್ಕೆ (ದ) ಹೋಗುವಾಗ ಪಂಚಮದ ಮೆಟ್ಟಿಲನ್ನು ದಾಟಿಯೇ ಹೋಗಬೇಕು, ನಿಲ್ಲುವಂತಿಲ್ಲ. ಆದರೆ ವೀಣೆಯ ಪಕ್ಕದಲ್ಲಿ ತಾಳಕ್ಕೆಂದೇ ಮೀಟುವ ಮೂರು ತಂತಿಗಳಲ್ಲಿ ಒಂದು ಪಂಚಮವೇ! ಎಡಗೈ ಎಲ್ಲಿಯೂ ಮುಟ್ಟದ ಸ್ವರವನ್ನು ಬಲಗೈ ಕಿರುಬೆರಳು ಆಗೊಮ್ಮೆ ಈಗೊಮ್ಮೆ, ಕೇಳಿಸಿತೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ ಸವರಲಿ. ಕೈಮರೆಯ ದೀಪವನ್ನು ತೋರಿಸಲು ಇದಕ್ಕಿಂತ ಹತ್ತಿರದ ದಾರಿ ನನಗೆ ಕಂಡಿಲ್ಲ. ಇದು ನನ್ನ ದಾರಿ. ನಿನ್ನ ಕಣ್ಣಿಗೆ ಬೇರೆ ಕಂಡರೆ ಬೇರೆ ರಾಗ ಹಿಡಿ, ಆದರೆ ಚಿತ್ರದಲ್ಲಿ ಏನು ಕಂಡು ಅದನ್ನು ಹಿಡಿದೆ ಎಂದು ಹೇಳಲು ಬರಬೇಕು. ಪಿಟೀಲು ಮಂದ್ರದಲ್ಲೇ, ತಗ್ಗಿನ ಸ್ಥಾಯಿಯಲ್ಲೇ, ಇರಲಿ. ಮೃದಂಗದ ಹುಡುಗ ಮೊದಲ ಆರು ನಿಮಿಷ ಸುಮ್ಮನೆ ಕೂತು, ಆಮೇಲೆ ಎಡಗೈಯ ನಾದದಿಂದಷ್ಟೇ ಒಳಗೆ ಬರಲಿ. ಆ ಹೆಣ್ಣಿನ ಹಿಂದಿರುವ ಕತ್ತಲು ಅವನ ಪಾಲಿನದು. ಚಿತ್ರವನ್ನು ದೊಡ್ಡ ಪರದೆಯ ಮೇಲೆ ಹತ್ತು ನಿಮಿಷವೂ ಬಿಡಬೇಡಿ, ಜನ ಕೇಳುವುದನ್ನು ಮರೆತುಬಿಡುತ್ತಾರೆ.

ಗಿಮಿಕ್ಕೇ ಎಂದು ಕೇಳಿದ್ದೀಯ. ಅರಮನೆಯ ಆಶ್ರಯದಲ್ಲಿದ್ದ ಕೆ. ವೆಂಕಟಪ್ಪನವರು ಕಲ್ಕತ್ತೆಯಲ್ಲಿ ಅವನೀಂದ್ರನಾಥ ಟ್ಯಾಗೋರರ ಬಳಿ ಚಿತ್ರಕಲೆ ಕಲಿತು ಬಂದವರು. ಅಷ್ಟು ಕಲಿತ ಮೇಲೂ ವೀಣೆ ಶೇಷಣ್ಣನವರ ಮುಂದೆ ಶಿಷ್ಯರಾಗಿ ಕೂತು ವೀಣೆ ಅಭ್ಯಾಸ ಮಾಡಿದರು. ನೀನು ನಡೆಯುತ್ತಿರುವುದು ನಿನ್ನ ಊರಿನ ಹಳೆಯ ದಾರಿಯಲ್ಲಿಯೇ.

ಪ್ರಶ್ನೆ: ಹನ್ನೆರಡು ವರ್ಷದ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತೇನೆ. ರಾಗಗಳಿಗೆ ರೂಪ ಕೊಟ್ಟು ಬರೆದ ಹಳೆಯ ರಾಗಮಾಲಾ ಚಿತ್ರಗಳಲ್ಲಿ ‘ತೋಡಿ ರಾಗಿಣಿ’ಯನ್ನು ತೋರಿಸಿ ತೋಡಿ ಹಾಡಿಸೋಣವೆಂದಿದ್ದೇನೆ. ಸರಿಯೇ?
– ಸಂಗೀತ ಶಿಕ್ಷಕಿ, ಮಂಡ್ಯ

ಉತ್ತರ: ತುಸು ತಡೆಯಿರಿ. ವೀಣೆ ಹಿಡಿದ ಹೆಣ್ಣು, ಸುತ್ತ ನಿಂತ ಜಿಂಕೆಗಳು – ಆ ಚಿತ್ರ ಹಿಂದೂಸ್ತಾನಿ ಪರಂಪರೆಯದು. ಇಂದಿನ ಹಿಂದೂಸ್ತಾನಿ ತೋಡಿಯ ಸ್ವರಗಳು ನಮ್ಮ ಕರ್ನಾಟಕ ಸಂಗೀತದ ಶುಭಪಂತುವರಾಳಿ ರಾಗಕ್ಕೆ ಹೊಂದುತ್ತವೆ. ನಮ್ಮ ತೋಡಿಯ ಸ್ವರಗಳು ಅವರ ಭೈರವಿಗೆ ಹೊಂದುತ್ತವೆ. ಹೆಸರೊಂದೇ ಎಂದು ಜೋಡಿಸಿದರೆ ಮಕ್ಕಳಿಗೆ ತಪ್ಪು ಪಾಠವಾಗುತ್ತದೆ. ಅಲ್ಲದೆ ನಮ್ಮ ತೋಡಿಯ ಗಾಂಧಾರ ಆ ವಯಸ್ಸಿನವರಿಗೆ ಸುಲಭದ ತುತ್ತಲ್ಲ.

ಚಿತ್ರವನ್ನು ಮಾತ್ರ ಖಂಡಿತ ತೋರಿಸಿ. ರಾಗದ ಹೆಸರು ಹೇಳಬೇಡಿ, ಜಿಂಕೆಯ ಕಿವಿಯನ್ನು ನೋಡಲು ಹೇಳಿ. ನಿಮ್ಮ ಮಕ್ಕಳು ಕಬ್ಬಿನ ಗದ್ದೆಯ ಬದುವಿನಲ್ಲಿ ಕಿವಿ ನಿಗುರಿಸಿ ನಿಂತ ಕರುವನ್ನು ನೋಡಿರುತ್ತಾರೆ. ಅದು ಬೆದರಿ ಓಡದ ಹಾಗೆ ಮೋಹನ ರಾಗದಲ್ಲಿ ಮೂರೇ ಸ್ವರ ಹಾಡಿ ಎನ್ನಿ. ಯಾವ ಮಗು ದನಿಯನ್ನು ತಾನಾಗಿಯೇ ತಗ್ಗಿಸುತ್ತದೆ ಎಂದು ಗಮನಿಸಿ, ನನಗೆ ಬರೆದು ತಿಳಿಸಿ.