ಓಡ್ತಿರೋ ಕಾರಲ್ಲಿ ಎಲೆಕ್ಟ್ರಾನಿಕ್ ಹ್ಯಾಂಡ್‌ಬ್ರೇಕ್ ಎಳೆದ್ರೆ ಏನಾಗುತ್ತೆ?

ಪ್ರಶ್ನೆ: ಸರ್, ಈಚೆಗೆ ತಗೊಂಡ ಕಾರಲ್ಲಿ ಹ್ಯಾಂಡ್‌ಬ್ರೇಕ್ ಲಿವರ್ರೇ ಇಲ್ಲ, ಗೇರ್ ಪಕ್ಕ ಒಂದು ಸಣ್ಣ ಸ್ವಿಚ್ ಇದೆ ಅಷ್ಟೆ. ಊರಿಗೆ ಹೋಗ್ಬೇಕಂದ್ರೆ ಚಾರ್ಮಾಡಿ ಘಾಟಿ ಇಳೀಲೇಬೇಕು. ಅಕಸ್ಮಾತ್ ಬ್ರೇಕ್ ಹಿಡೀಲಿಲ್ಲ ಅಂದ್ರೆ ಈ ಸ್ವಿಚ್ ಕೆಲಸಕ್ಕೆ ಬರುತ್ತಾ? ಎಳೆದ್ರೆ ಹಿಂದಿನ ಚಕ್ರ ಲಾಕ್ ಆಗಿ ಗಾಡಿ ತಿರುಗಿಬಿಡುತ್ತೆ ಅಂತಾರೆ ನಮ್ಮ ಭಾವ.
– ಓದುಗರು, ಮೂಡಿಗೆರೆ

ಉತ್ತರ: ನಿಮ್ಮ ಭಾವ ಹೇಳಿದ್ದು ಹಳೇ ಲಿವರ್‌ಗೆ ಪೂರ್ತಿ ನಿಜ. ಅದ್ರ ಕೇಬಲ್ ಹೋಗೋದು ಹಿಂದಿನ ಎರಡು ಚಕ್ರಕ್ಕೆ ಮಾತ್ರ, ಚಕ್ರ ಲಾಕ್ ಆಗದ ಹಾಗೆ ನೋಡ್ಕೊಳ್ಳೋ ಎಬಿಎಸ್ ಕಾವಲೂ ಇರಲ್ಲ, ಸ್ಪೀಡಲ್ಲಿ ಗಬಕ್ಕಂತ ಎಳೆದ್ರೆ ಹಿಂಭಾಗ ಪಕ್ಕಕ್ಕೆ ಎಳ್ಕೊಂಡು ಹೋಗುತ್ತೆ.

ಸ್ವಿಚ್ಚಿನ ಕಥೆ ಬೇರೆ. ನೀವು ಎಳೆದಾಗ ಮೊದಲು ಸಿಗ್ನಲ್ ಹೋಗೋದು ಕಂಪ್ಯೂಟರ್‌ಗೆ, ಗಾಡಿ ನಿಂತಿದ್ರೆ ಅದು ಹಿಂದಿನ ಚಕ್ರದ ಸಣ್ಣ ಮೋಟರ್ ತಿರುಗಿಸಿ ಪ್ಯಾಡ್ ಬಿಗಿ ಮಾಡುತ್ತೆ, ಓಡ್ತಿದ್ರೆ ಈಗಿನ ಹೆಚ್ಚಿನ ಕಾರುಗಳಲ್ಲಿ ಇಎಸ್‌ಸಿ (ಗಾಡಿ ಹಿಡಿತ ತಪ್ಪಿ ಜಾರದ ಹಾಗೆ ತಾನೇ ಬ್ರೇಕ್ ಹಾಕೋ ವ್ಯವಸ್ಥೆ) ಪಂಪ್ ಆನ್ ಆಗಿ ನಾಲ್ಕೂ ಚಕ್ರಕ್ಕೆ ಬ್ರೇಕ್ ಆಯಿಲ್ ಪ್ರೆಶರ್ ಕೊಡುತ್ತೆ, ಎಬಿಎಸ್ಸೂ ಜೊತೆಗೇ ಕೆಲಸ ಮಾಡೋದ್ರಿಂದ ಗಾಡಿ ನೇರವಾಗೇ ನಿಲ್ಲುತ್ತೆ. ಆಯಿಲ್ ಲೀಕ್ ಆಗಿ ಪ್ರೆಶರ್ರೇ ಬರದಿದ್ರೆ ಹಿಂದಿನ ಮೋಟರ್‌ಗಳೇ ಗತಿ, ಚಕ್ರ ಜಾರ್ತಿದೆಯಾ ಅಂತ ಸೆನ್ಸರ್ ನೋಡ್ತಾ ನೋಡ್ತಾ ಹಿಡಿದು ಬಿಟ್ಟು ಮಾಡುತ್ತೆ, ಆದ್ರೆ ಹಿಡಿತ ಕಮ್ಮಿ, ನಿಲ್ಲೋಕೆ ಜಾಸ್ತಿ ದೂರ ಬೇಕು.

ಮುಖ್ಯವಾದ್ದು ಇಲ್ಲಿದೆ: ಸ್ವಿಚ್ಚನ್ನ ಎಳೆದು ಹಿಡ್ಕೊಂಡೇ ಇರಬೇಕು. ಓಡುವಾಗ ಒಂದ್ಸಲ ಎಳೆದು ಬಿಟ್ರೆ ಬರೀ ಬೀಪ್ ಬರುತ್ತೆ, ಬೆರಳು ತೆಗೆದ ತಕ್ಷಣ ಬ್ರೇಕೂ ಬಿಡುತ್ತೆ. ಗಾಬರೀಲಿ ಜನ ತಪ್ಪೋದು ಇಲ್ಲೇ. ಆಕ್ಸಿಲರೇಟರ್ ಮೇಲಿಂದ ಕಾಲು ತೆಗೀರಿ, ಎಂಜಿನ್ ಮಾತ್ರ ಆಫ್ ಮಾಡ್ಬೇಡಿ, ಪವರ್ ಸ್ಟೀರಿಂಗ್ ಹೋಗಿ ತಿರುಗಿಸೋದೇ ಕಷ್ಟ ಆಗುತ್ತೆ.

ಇನ್ನು ಚಾರ್ಮಾಡಿ. ಘಾಟಿಲಿ ಬ್ರೇಕ್ ಸೋಲೋದು ಹೆಚ್ಚಾಗಿ ಬಿಸಿಯಿಂದ. ಉದ್ದಕ್ಕೂ ಪೆಡಲ್ ಒತ್ಕೊಂಡೇ ಇಳಿದ್ರೆ ಪ್ಯಾಡ್ ಕಾದು ಹಿಡಿತ ಬಿಡುತ್ತೆ, ಆಯಿಲ್ ಕುದ್ದು ಪೆಡಲ್ ಮೆತ್ತಗಾಗುತ್ತೆ, ಆಗ ಸ್ವಿಚ್ ಎಳೆದ್ರೂ ಪಂಪ್ ತಳ್ಳೋದು ಅದೇ ಕುದ್ದ ಆಯಿಲ್ಲನ್ನ, ಒತ್ತೋದು ಅದೇ ಕಾದ ಪ್ಯಾಡನ್ನ. ಹಾಗಾಗಿ ದಯವಿಟ್ಟು ಸ್ವಿಚ್ ಇದೆ ಅನ್ನೋ ಧೈರ್ಯದಲ್ಲಿ ಇಳೀಬೇಡಿ, ಕೊಟ್ಟಿಗೆಹಾರ ದಾಟಿ ಇಳಿಜಾರು ಶುರುವಾಗೋಕೆ ಮುಂಚೆನೇ ಎರಡನೇ ಗೇರ್‌ಗೆ ಬನ್ನಿ, ಆಟೋಮ್ಯಾಟಿಕ್ ಆದ್ರೆ ಮ್ಯಾನ್ಯುಯಲ್ ಮೋಡ್ ಹಾಕಿ, ಎಂಜಿನ್ನೇ ಗಾಡೀನ ಹಿಡ್ಕೊಳ್ಳಲಿ.

ಸ್ವಿಚ್ ನಿಜವಾಗಿ ಜೀವ ಉಳಿಸೋದು ಬೇರೆ ಹೊತ್ತಲ್ಲಿ. ನೀರಿನ ಬಾಟ್ಲು ಉರುಳಿ ಪೆಡಲ್ ಅಡಿಗೆ ಸಿಕ್ಕಾಕೊಂಡಾಗ, ಇಲ್ಲಾ ಡ್ರೈವ್ ಮಾಡ್ತಿರೋರಿಗೇ ತಲೆಸುತ್ತು ಬಂದಾಗ. ಸ್ವಿಚ್ ಎರಡು ಸೀಟಿನ ಮಧ್ಯೆ ಇದ್ರೆ ಪಕ್ಕದಲ್ಲಿ ಕೂತೋರ ಕೈಗೂ ಸಿಗುತ್ತೆ, ಮನೇಲಿ ಎಲ್ರಿಗೂ ತೋರಿಸಿಕೊಡಿ, ಡ್ರೈವಿಂಗ್ ಬರದೇ ಇರೋರಿಗಂತೂ ಖಂಡಿತ.

ಮಾಡೆಲ್ಲಿಂದ ಮಾಡೆಲ್ಲಿಗೆ ವ್ಯತ್ಯಾಸ ಇರುತ್ತೆ, ಮ್ಯಾನ್ಯುಯಲ್ ಬುಕ್ಕಲ್ಲಿ ಪಾರ್ಕಿಂಗ್ ಬ್ರೇಕ್ ಅನ್ನೋ ಭಾಗ ಓದಿ. ಆಮೇಲೆ ಖಾಲಿ ಮೈದಾನದಲ್ಲಿ, ಹಿಂದೆ ಯಾರೂ ಇಲ್ಲ ಅಂತ ನೋಡ್ಕೊಂಡು, 20 ಕಿ.ಮೀ. ಸ್ಪೀಡಲ್ಲಿ ನೇರ ಹೋಗ್ತಾ ಒಂದ್ಸಲ ಎಳೆದು ಹಿಡ್ಕೊಳ್ಳಿ. ಪಂಪ್ ಗುರ್ ಅನ್ನುತ್ತೆ, ಬೀಪ್ ಬರುತ್ತೆ, ಗಾಡಿ ಮುಗ್ಗರಿಸಿದ ಹಾಗೆ ನಿಲ್ಲುತ್ತೆ. ಆ ಸದ್ದು ಒಂದ್ಸಲ ಕೇಳಿಸ್ಕೊಂಡಿದ್ರೆ ನಿಜವಾದ ಹೊತ್ತಲ್ಲಿ ಹೆದರಿ ಬೆರಳು ಬಿಡಲ್ಲ.