ಎಲ್ಲದಕ್ಕೂ ‘ಗ್ಯಾಸ್ಟ್ರಿಕ್’ ಅನ್ನಬೇಡಿ: ಹೊಟ್ಟೆಯ ತೊಂದರೆಗಳ ಬಗ್ಗೆ ನಿಮ್ಮ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚುಕಡಿಮೆ ಎಲ್ಲದರಲ್ಲೂ ಒಂದು ಪದ ಇತ್ತು: ಗ್ಯಾಸ್ಟ್ರಿಕ್. ಎದೆ ಉರಿದರೂ ಗ್ಯಾಸ್ಟ್ರಿಕ್, ಹೊಟ್ಟೆ ಉಬ್ಬಿದರೂ ಗ್ಯಾಸ್ಟ್ರಿಕ್, ಬೆನ್ನು ಹಿಡಿದರೂ ತಲೆ ಸಿಡಿದರೂ ಅದೇ. ಆ ಪದಕ್ಕೆ ಜಠರಕ್ಕೆ ಸಂಬಂಧಿಸಿದ್ದು ಅಂತಷ್ಟೇ ಅರ್ಥ. ಅದು ಕಾಯಿಲೆಯ ಹೆಸರಲ್ಲ. ಬಾಯಿಂದ ಗುದದವರೆಗೆ ನಮ್ಮೊಳಗೆ ಒಂದೇ ಉದ್ದನೆಯ ಕೊಳವೆ ಇದೆ. ಅದರಲ್ಲಿ ಸಣ್ಣ ಕರುಳೇ ಸುಮಾರು 6 ಮೀಟರ್, ದೊಡ್ಡ ಕರುಳು ಸುಮಾರು ಒಂದೂವರೆ ಮೀಟರ್, ಜಠರ ಬರೀ ಒಂದು ಗೇಣಿನಷ್ಟು. ತೊಂದರೆ ಯಾವ ಜಾಗದ್ದು ಅಂತ ತಿಳಿಯದೆ ಮಾತ್ರೆ ನುಂಗಿದರೆ ಕೆಲವು ಸಲ ದುಡ್ಡು ದಂಡ, ಕೆಲವು ಸಲ ಜೀವಕ್ಕೇ ಅಪಾಯ. ಅದಕ್ಕೇ ಪ್ರತಿ ಉತ್ತರದಲ್ಲೂ ತೊಂದರೆ ಎಲ್ಲಿಯದು ಅನ್ನುವುದನ್ನು ಹೇಳುತ್ತೇನೆ.

ಪ್ರಶ್ನೆ: ನನಗೆ 46 ವರ್ಷ. ದಾವಣಗೆರೆಯಲ್ಲಿ ಬಟ್ಟೆ ಅಂಗಡಿ ಇದೆ. ನಾಲ್ಕು ವರ್ಷದಿಂದ ಗ್ಯಾಸ್ಟ್ರಿಕ್. ರಾತ್ರಿ ಮಲಗಿದ ಮೇಲೆ ಎದೆ ಉರಿಯುತ್ತದೆ, ಹುಳಿ ನೀರು ಗಂಟಲಿಗೆ ಬರುತ್ತದೆ. ಉರಿ ಬಂದಾಗ ಊಟ ಆದ ಮೇಲೆ ಪ್ಯಾಂಟೊಪ್ರಜೋಲ್ ಮಾತ್ರೆ ತಗೋತೀನಿ, ಈಗೀಗ ಅದೂ ಕೆಲಸ ಮಾಡುತ್ತಿಲ್ಲ. ಅಂಗಡಿ ಮುಚ್ಚಿ ಊಟ ಮಾಡುವಾಗ ಹತ್ತೂವರೆ ಆಗುತ್ತದೆ, ತಕ್ಷಣ ಮಲಗುತ್ತೇನೆ. ಏನು ಮಾಡಲಿ ಡಾಕ್ಟ್ರೇ?

ಉತ್ತರ: ನಿಮ್ಮ ತೊಂದರೆ ಇರುವುದು ಜಠರದಲ್ಲಿ ಅಲ್ಲ, ಅದರ ಬಾಗಿಲಲ್ಲಿ. ನುಂಗಿದ ತುತ್ತು ಅನ್ನನಾಳದಲ್ಲಿ ಇಳಿದು ಕೆಲವೇ ಸೆಕೆಂಡಿನಲ್ಲಿ ಜಠರ ಸೇರುತ್ತದೆ. ಅನ್ನನಾಳವೂ ಜಠರವೂ ಸೇರುವ ಜಾಗದಲ್ಲಿ ಬಳೆಯ ಹಾಗೆ ಬಿಗಿಯುವ ಒಂದು ಸ್ನಾಯು ಇದೆ. ತುತ್ತು ಬಂದಾಗ ತೆರೆಯುತ್ತದೆ, ಮತ್ತೆ ಮುಚ್ಚಿಕೊಳ್ಳುತ್ತದೆ. ಜಠರದ ಆಮ್ಲ ತುಂಬ ಪ್ರಬಲವಾದದ್ದು, ಅದನ್ನು ತಡೆದುಕೊಳ್ಳಲು ಜಠರದ ಒಳಗೋಡೆಗೆ ಲೋಳೆಯ ಹೊದಿಕೆ ಇದೆ. ಅನ್ನನಾಳಕ್ಕೆ ಆ ರಕ್ಷಣೆ ಇಲ್ಲ. ಬಳೆ ಸಡಿಲವಾದರೆ ಆಮ್ಲ ಮೇಲಕ್ಕೆ ಬಂದು ಸುಡುತ್ತದೆ. ನಿಮಗೆ ಆಗುತ್ತಿರುವುದು ಇದೇ, ಆಸಿಡ್ ರಿಫ್ಲಕ್ಸ್.

ಹತ್ತೂವರೆಗೆ ಹೊಟ್ಟೆ ತುಂಬ ಊಟ ಮಾಡಿ ಹನ್ನೊಂದಕ್ಕೆ ಮಲಗಿದರೆ ಏನಾಗುತ್ತದೆ ನೋಡಿ. ಜಠರ ಖಾಲಿಯಾಗಲು ಎರಡರಿಂದ ನಾಲ್ಕು ಗಂಟೆ ಬೇಕು, ಎಣ್ಣೆ ಪದಾರ್ಥ ಇದ್ದರೆ ಇನ್ನೂ ಜಾಸ್ತಿ. ಅಂದರೆ ನೀವು ತುಂಬಿದ ಕೊಡವನ್ನು ಅಡ್ಡ ಮಲಗಿಸುತ್ತಿದ್ದೀರಿ, ಅದೂ ಬಾಯಿ ಸರಿಯಾಗಿ ಮುಚ್ಚದ ಕೊಡ. ಅಂಗಡಿ ಬೇಗ ಮುಚ್ಚಿ ಅಂತ ನಾನು ಹೇಳುವುದಿಲ್ಲ, ವ್ಯಾಪಾರದ ಕಷ್ಟ ನನಗೂ ಗೊತ್ತಿದೆ. ಆದರೆ ಏಳೂವರೆ, ಎಂಟರ ಹೊತ್ತಿಗೆ ಅಂಗಡಿಗೇ ಬುತ್ತಿ ತರಿಸಿಕೊಂಡು ಊಟ ಮುಗಿಸಬಹುದು, ಅಲ್ವಾ? ಮನೆಗೆ ಹೋದ ಮೇಲೆ ಬೇಕಿದ್ದರೆ ಸ್ವಲ್ಪ ಏನಾದರೂ ಹಗುರವಾಗಿ. ಮಂಚದ ತಲೆ ಕಡೆಯ ಕಾಲುಗಳ ಕೆಳಗೆ 15 ಸೆಂಟಿಮೀಟರ್ ಎತ್ತರದ ಮರದ ತುಂಡು ಇಡಿ. ಎರಡು ದಿಂಬು ಹಾಕಿದರೆ ಕುತ್ತಿಗೆ ಮಾತ್ರ ಬಾಗುತ್ತದೆ, ಹೊಟ್ಟೆ ಇನ್ನಷ್ಟು ಒತ್ತುತ್ತದೆ. ಎಡ ಮಗ್ಗುಲಲ್ಲಿ ಮಲಗಿ. ಸೊಂಟದ ಸುತ್ತ ಬೊಜ್ಜು ಇದ್ದರೆ ನಾಲ್ಕೈದು ಕಿಲೋ ಇಳಿಸಿದರೂ ವ್ಯತ್ಯಾಸ ಗೊತ್ತಾಗುತ್ತದೆ. ಬೀಡಿ, ಸಿಗರೇಟು ಇದ್ದರೆ ಬಿಟ್ಟುಬಿಡಿ.

ಇನ್ನು ಮಾತ್ರೆ. ಊಟ ಆದ ಮೇಲೆ, ಅದೂ ಉರಿ ಬಂದಾಗ ಮಾತ್ರ ತಗೊಂಡರೆ ಅದು ಕೆಲಸ ಮಾಡುವುದು ಕಷ್ಟ. ಆಮ್ಲ ತಯಾರಿಸುವ ಪಂಪ್‌ಗಳು ಊಟ ಸೇರಿದಾಗ ಚುರುಕಾಗುತ್ತವೆ. ಆ ಹೊತ್ತಿಗೆ ಅವನ್ನು ತಡೆಯುವ ಈ ಮಾತ್ರೆ ರಕ್ತದಲ್ಲಿ ಇರಬೇಕು. ಹಾಗಾಗಿ ಊಟ, ತಿಂಡಿಗೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು, ಖಾಲಿ ಹೊಟ್ಟೆಯಲ್ಲಿ, ವೈದ್ಯರು ಹೇಳಿದಷ್ಟು ದಿನ ಬಿಡದೆ ತಗೋಬೇಕು. ಆಮೇಲೆ ನಿಲ್ಲಿಸಬೇಕು ಅಥವಾ ಕಡಿಮೆ ಮಾಡಬೇಕು. ವರ್ಷಗಟ್ಟಲೆ ಕೇಳದೆ ನುಂಗುತ್ತಾ ಹೋದರೆ ಬಿ12 ಕಡಿಮೆಯಾಗಬಹುದು. ಸಸ್ಯಾಹಾರಿಗಳಲ್ಲಿ ಅದು ಮೊದಲೇ ಕಡಿಮೆ. ತುಂಬ ದಿನ ತಗೊಂಡು ಒಮ್ಮೆಲೇ ಬಿಟ್ಟರೆ ಕೆಲವು ದಿನ ಆಮ್ಲ ಮೊದಲಿಗಿಂತ ಜಾಸ್ತಿ ಬರುತ್ತದೆ. ಜನ ಅದನ್ನು ನೋಡಿ ‘ಮಾತ್ರೆ ಇಲ್ಲದೆ ಆಗೋದೇ ಇಲ್ಲ’ ಅಂದುಕೊಳ್ಳುತ್ತಾರೆ.

ನಾಲ್ಕು ವರ್ಷ ಆಗಿದೆ, ಮಾತ್ರೆಗೂ ಕೇಳುತ್ತಿಲ್ಲ. ಆದ್ದರಿಂದ ಒಮ್ಮೆ ಎಂಡೋಸ್ಕೋಪಿ ಮಾಡಿಸಿ. ಹತ್ತು ನಿಮಿಷದ ಕೆಲಸ, ಹೆದರಬೇಡಿ. ನುಂಗುವಾಗ ಸಿಕ್ಕಿಕೊಳ್ಳುವುದು, ತೂಕ ಇಳಿಯುವುದು, ರಕ್ತ ವಾಂತಿ, ಟಾರಿನ ಹಾಗೆ ಕಪ್ಪಗೆ ಅಂಟುವ ಮಲ, ಇವುಗಳಲ್ಲಿ ಒಂದಿದ್ದರೂ ಕಾಯಬೇಡಿ. ಮಂಡಿ ನೋವಿಗೆ, ಸೊಂಟ ನೋವಿಗೆ ಡೈಕ್ಲೋಫೆನಾಕ್‌ನಂಥ ಮಾತ್ರೆ ನುಂಗುವ ಅಭ್ಯಾಸ ಇದ್ದರೆ ವೈದ್ಯರಿಗೆ ಹೇಳಲೇಬೇಕು, ಜಠರದಲ್ಲಿ ಹುಣ್ಣು ಮಾಡುವುದರಲ್ಲಿ ಅವು ಮುಂದು.

ಪ್ರಶ್ನೆ: ನಮ್ಮ ತಂದೆಗೆ 63 ವರ್ಷ, ಶುಗರ್ ಇದೆ. ಕಳೆದ ವಾರ ಹೊಲದಿಂದ ನಡೆದು ಬರುವಾಗ ಎದೆ ಹಿಡಿದುಕೊಂಡ ಹಾಗಾಗಿ ಮೈಯೆಲ್ಲ ಬೆವರಿತು. ಗ್ಯಾಸ್ ಎದೆಗೆ ಏರಿದೆ ಅಂತ ಸೋಡಾ ಕುಡಿಸಿ ಕೂರಿಸಿದೆವು, ಅರ್ಧ ಗಂಟೆಯಲ್ಲಿ ಕಡಿಮೆ ಆಯಿತು. ಮತ್ತೆ ಬಂದರೆ ಏನು ಕೊಡಬೇಕು?

ಉತ್ತರ: ದಯವಿಟ್ಟು ಇದನ್ನು ಓದಿದ ಕೂಡಲೇ ತಂದೆಯವರನ್ನು ಕರೆದುಕೊಂಡು ಹೋಗಿ ಇಸಿಜಿ ಮಾಡಿಸಿ. ನೀವು ಬರೆದಿರುವುದು ಹೃದಯದ ನೋವಿನ ಲಕ್ಷಣ. ನಡೆದಾಗ ಬಂದಿದೆ, ಕೂತಾಗ ಹೋಗಿದೆ. ಸೋಡಾದಿಂದ ಅಲ್ಲ, ಕೂತಿದ್ದರಿಂದ ಕಡಿಮೆಯಾಗಿರುವ ಸಾಧ್ಯತೆಯೇ ಜಾಸ್ತಿ.

ಹೃದಯದ ನೋವನ್ನೂ ಅನ್ನನಾಳದ ನೋವನ್ನೂ ಮಿದುಳಿಗೆ ತಲುಪಿಸುವ ನರಗಳ ದಾರಿ ಬಹುಪಾಲು ಒಂದೇ. ಆದ್ದರಿಂದ ರೋಗಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ, ಎಷ್ಟೋ ಸಲ ವೈದ್ಯರಿಗೂ ಪರೀಕ್ಷೆ ಮಾಡದೆ ಗೊತ್ತಾಗುವುದಿಲ್ಲ. ಹೃದಯಾಘಾತದಲ್ಲೂ ತೇಗು ಬರಬಹುದು, ವಾಂತಿ ಬರಬಹುದು. ಶುಗರ್ ಇರುವವರಿಗೆ ನೋವೇ ಸರಿಯಾಗಿ ಕಾಣಿಸದೆ ಬರೀ ಸುಸ್ತು, ಬೆವರು ಮಾತ್ರ ಇರಬಹುದು. ಇನ್ನೊಮ್ಮೆ ಹೀಗಾದರೆ ಸೋಡಾ ಬೇಡ, ಓಮಕಾಳು ಬೇಡ, ‘ಸ್ವಲ್ಪ ಹೊತ್ತು ನೋಡೋಣ’ ಅನ್ನುವುದೂ ಬೇಡ. 108ಕ್ಕೆ ಫೋನ್ ಮಾಡಿ. ತಾಲ್ಲೂಕು ಆಸ್ಪತ್ರೆಯಲ್ಲೂ ಇಸಿಜಿ ಆಗುತ್ತದೆ. ರಾಜ್ಯ ಸರ್ಕಾರದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇರುವುದೇ ಇಂಥ ಹೊತ್ತಿಗೆ. ಮೊದಲ ಇಸಿಜಿ ನಾರ್ಮಲ್ ಬಂದರೂ ವೈದ್ಯರು ಇನ್ನೊಮ್ಮೆ ಮಾಡುತ್ತೇವೆ ಅಂದರೆ ಇರಿ, ಎದ್ದು ಬರಬೇಡಿ. ಹೃದಯ ಸರಿ ಇದೆ ಅಂತ ಖಚಿತವಾದ ಮೇಲೆ ಹೊಟ್ಟೆಯ ವಿಷಯ ಮಾತಾಡೋಣ.

ಪ್ರಶ್ನೆ: ನನಗೆ 27. ಬೆಂಗಳೂರಿನಲ್ಲಿ ಕೆಲಸ. ಬೆಳಗ್ಗೆ ತಿಂಡಿ ತಿಂದ ಕೂಡಲೇ ಹೊಟ್ಟೆ ನುಲಿಯುತ್ತದೆ, ಆಫೀಸಿಗೆ ಹೊರಡುವ ಮುಂಚೆ ಮೂರು ಸಲ ಟಾಯ್ಲೆಟ್ಟಿಗೆ ಓಡಬೇಕು, ಹೋಗಿ ಬಂದರೆ ನೋವು ಕಡಿಮೆ. ಸಂಜೆಗೆ ಹೊಟ್ಟೆ ಉಬ್ಬರ. ಒಂದೂವರೆ ವರ್ಷ ಆಯಿತು. ಸ್ಕ್ಯಾನ್, ರಕ್ತ, ಕೊಲೊನೋಸ್ಕೋಪಿ ಎಲ್ಲ ನಾರ್ಮಲ್. ‘ನಿನಗೆ ಏನೂ ಇಲ್ಲ, ಸುಮ್ನೆ ಯೋಚನೆ ಮಾಡ್ತೀಯ’ ಅಂತಾರೆ ಮನೆಯಲ್ಲಿ.

ಉತ್ತರ: ನಿಮಗೆ ತೊಂದರೆ ಇದೆ. ಅದಕ್ಕೆ ಐಬಿಎಸ್ ಅಂತ ಹೆಸರು, ಇರಿಟಬಲ್ ಬವೆಲ್ ಸಿಂಡ್ರೋಮ್. ಸ್ಕ್ಯಾನು, ಕೊಲೊನೋಸ್ಕೋಪಿ ಕರುಳಿನ ಆಕಾರ, ಗಾಯ, ಗಡ್ಡೆ ತೋರಿಸುತ್ತವೆ. ಕರುಳು ಹೇಗೆ ಚಲಿಸುತ್ತಿದೆ, ಅದರ ನರಗಳು ಎಷ್ಟು ಸೂಕ್ಷ್ಮವಾಗಿವೆ ಅನ್ನುವುದನ್ನು ತೋರಿಸುವುದಿಲ್ಲ. ತೊಂದರೆ ಇರುವುದು ಅಲ್ಲೇ.

ಜಠರಕ್ಕೆ ಊಟ ಬಿದ್ದ ಕೂಡಲೇ ದೊಡ್ಡ ಕರುಳಿಗೆ ‘ಜಾಗ ಮಾಡು’ ಅಂತ ಸಂದೇಶ ಹೋಗುತ್ತದೆ. ಎಲ್ಲರಿಗೂ ಇರುವುದೇ ಇದು. ಹಸುಗೂಸು ಹಾಲು ಕುಡಿಯುತ್ತಲೇ ಕಕ್ಕ ಮಾಡುವುದು, ದೊಡ್ಡವರಿಗೆ ಬೆಳಗ್ಗೆ ಕಾಫಿ ಕುಡಿದ ಮೇಲೆಯೇ ಹೊಟ್ಟೆ ಸಡಿಲವಾಗುವುದು ಇದರಿಂದಲೇ. ನಿಮ್ಮಲ್ಲಿ ಆ ಸಂದೇಶ ಅತಿಯಾಗಿ ಜೋರಾಗಿದೆ. ಜೀರ್ಣಾಂಗದ ಗೋಡೆಯಲ್ಲೇ ಹತ್ತು ಕೋಟಿಗೂ ಜಾಸ್ತಿ ನರಕೋಶಗಳಿವೆ, ಅವು ಮಿದುಳಿನ ಜೊತೆ ಸದಾ ಮಾತಾಡುತ್ತಿರುತ್ತವೆ. ಪರೀಕ್ಷೆಯ ದಿನ ಹೊಟ್ಟೆ ಕಲಕುತ್ತದಲ್ಲ, ಅದೇ ದಾರಿ. ಯೋಚನೆಯಿಂದ ತೊಂದರೆ ಜಾಸ್ತಿಯಾಗಬಹುದು, ಹಾಗಂತ ನೋವು ಸುಳ್ಳಲ್ಲ. ಈ ಮಾತನ್ನು ನಿಮ್ಮ ಮನೆಯವರಿಗೂ ಓದಿಸಿ.

ಮೊದಲು ಹಾಲು ನೋಡೋಣ. ಹಾಲಿನ ಸಕ್ಕರೆಯನ್ನು ಒಡೆಯುವ ಲ್ಯಾಕ್ಟೇಸ್ ಅನ್ನುವ ಕಿಣ್ವ ನಮ್ಮ ಕಡೆಯ ಬಹಳ ಜನರಲ್ಲಿ ದೊಡ್ಡವರಾದ ಮೇಲೆ ಕಡಿಮೆಯಾಗುತ್ತದೆ. ಒಡೆಯದ ಸಕ್ಕರೆ ದೊಡ್ಡ ಕರುಳಿಗೆ ಹೋಗಿ ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿ ಗಾಳಿ ಮಾಡುತ್ತವೆ. ಎರಡು ವಾರ ಹಾಲು, ಹಾಲು ಹಾಕಿದ ಕಾಫಿ, ಟೀ, ಐಸ್‌ಕ್ರೀಮ್ ಪೂರ್ತಿ ಬಿಟ್ಟು ನೋಡಿ. ಮೊಸರು, ಮಜ್ಜಿಗೆ ಬಿಡಬೇಕಿಲ್ಲ, ಹೆಪ್ಪು ಹಾಕಿದಾಗಲೇ ಆ ಸಕ್ಕರೆ ಸ್ವಲ್ಪ ಕಡಿಮೆಯಾಗಿರುತ್ತದೆ, ಹೆಚ್ಚಿನವರಿಗೆ ಒಗ್ಗುತ್ತದೆ.

ಅದರಿಂದ ಏನೂ ಬದಲಾಗದಿದ್ದರೆ, ಕರುಳಲ್ಲಿ ಹೀಗೆ ಹುದುಗುವ ಸಕ್ಕರೆಗಳನ್ನು ಕಡಿಮೆ ಮಾಡುವ ಫಾಡ್‌ಮ್ಯಾಪ್ ಪಥ್ಯ ಇದೆ, ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದವರು ರೂಪಿಸಿದ್ದು. ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ರಾಜ್ಮಾ, ಹೂಕೋಸು, ಸೇಬು ಇಂಥವನ್ನು ನಾಲ್ಕರಿಂದ ಆರು ವಾರ ನಿಲ್ಲಿಸಿ, ಆಮೇಲೆ ಒಂದೊಂದೇ ವಾಪಸ್ ತಂದು ಯಾವುದು ತೊಂದರೆ ಕೊಡುತ್ತದೆ ಅಂತ ಕಂಡುಹಿಡಿಯುವುದು. ಜೀವನಪೂರ್ತಿ ಎಲ್ಲ ಬಿಡುವ ಪಥ್ಯ ಅಲ್ಲ ಅದು, ಡಯೆಟಿಷಿಯನ್ ಸಹಾಯ ಇದ್ದರೆ ಒಳ್ಳೆಯದು. ಬೆಳ್ಳುಳ್ಳಿ ಇಲ್ಲದೆ ಸಾರು ಹೇಗೆ ಅನ್ನಬೇಡಿ. ಬೆಳ್ಳುಳ್ಳಿಯಲ್ಲಿ ತೊಂದರೆ ಕೊಡುವ ಅಂಶ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಒಗ್ಗರಣೆ ಎಣ್ಣೆಯಲ್ಲಿ ಎಸಳು ಹುರಿದು ತೆಗೆದುಬಿಡಿ, ಘಮ ಮಾತ್ರ ಉಳಿಯುತ್ತದೆ. ಅವರೆಕಾಳಿನ ಕಾಲದಲ್ಲಿ ಹೊಟ್ಟೆ ಉಬ್ಬುವುದು ಎಲ್ಲರಿಗೂ ಇದ್ದದ್ದೇ, ಅದನ್ನು ಕಾಯಿಲೆ ಲೆಕ್ಕಕ್ಕೆ ಸೇರಿಸಬೇಡಿ.

ನೋವಿಗೆ ಮಾತ್ರೆಗಳಿವೆ. ಕೆಲವರಿಗೆ ಖಿನ್ನತೆಯ ಮಾತ್ರೆಯನ್ನೇ ತುಂಬ ಕಡಿಮೆ ಪ್ರಮಾಣದಲ್ಲಿ ಕೊಡುತ್ತೇವೆ, ಕರುಳಿನ ನರಗಳ ಸೂಕ್ಷ್ಮತೆ ಇಳಿಸಲು. ಚೀಟಿಯಲ್ಲಿ ಆ ಹೆಸರು ನೋಡಿ ಗಾಬರಿಯಾಗಬೇಡಿ. ಆದರೆ ಮಲದಲ್ಲಿ ರಕ್ತ, ಜ್ವರ, ತೂಕ ಇಳಿಯುವುದು, ನಿದ್ದೆಯಿಂದ ಎಬ್ಬಿಸುವ ಭೇದಿ ಶುರುವಾದರೆ ಅದು ಐಬಿಎಸ್ ಅಲ್ಲದಿರಬಹುದು, ಮತ್ತೆ ಬನ್ನಿ.

ಪ್ರಶ್ನೆ: ನಮ್ಮ ಅತ್ತೆಗೆ 70 ವರ್ಷ. ಮಂಡ್ಯ ಕಡೆಯ ಹಳ್ಳಿಯಿಂದ ಬಂದು ನಮ್ಮ ಜೊತೆ ಇದ್ದು ಒಂದು ವರ್ಷ. ಎರಡು ದಿನಕ್ಕೊಮ್ಮೆ ಮಾತ್ರ ಮಲವಿಸರ್ಜನೆ, ಅದೂ ಗಟ್ಟಿ. ಕೊಳಕು ಒಳಗೇ ಉಳಿದು ವಿಷವಾಗುತ್ತದೆ ಅಂತ ಹರಳೆಣ್ಣೆ ಕೇಳುತ್ತಾರೆ.

ಉತ್ತರ: ವಿಷವೇನೂ ಆಗುವುದಿಲ್ಲ ಅಂತ ಅವರಿಗೆ ಹೇಳಿ. ದಿನಕ್ಕೆ ಮೂರು ಸಲದಿಂದ ವಾರಕ್ಕೆ ಮೂರು ಸಲದವರೆಗೂ ಸಹಜವೇ. ಕಷ್ಟ ಇರುವುದು ‘ಗಟ್ಟಿ’ ಅನ್ನುವುದರಲ್ಲಿ. ದೊಡ್ಡ ಕರುಳಿನ ಮುಖ್ಯ ಕೆಲಸ ನೀರು ಹೀರುವುದು, ಮಲ ಅಲ್ಲಿ ನಿಂತಷ್ಟೂ ಒಣಗುತ್ತದೆ. ನಾರು ಇದ್ದರೆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ.

ಅವರ ಊರಿಗೂ ನಿಮ್ಮ ಮನೆಗೂ ಏನೇನು ವ್ಯತ್ಯಾಸ ಅಂತ ಕೂತು ಕೇಳಿ. ಅಲ್ಲಿ ಎರಡು ಹೊತ್ತು ಮುದ್ದೆ, ಉಪ್ಸಾರು, ಸೊಪ್ಪು ಇತ್ತೇನೋ. ರಾಗಿಯಲ್ಲಿ 100 ಗ್ರಾಂಗೆ ಸುಮಾರು 11 ಗ್ರಾಂ ನಾರು, ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಅಲ್ಲಿ ಓಡಾಟ ಇತ್ತು, ಇಲ್ಲಿ ನಾಲ್ಕನೇ ಮಹಡಿ. ಅಲ್ಲಿ ಕುಕ್ಕರಗಾಲಲ್ಲಿ ಕೂರುತ್ತಿದ್ದರು, ಇಲ್ಲಿ ಕಮೋಡ್. ಕಮೋಡ್ ಮುಂದೆ ಕಾಲಿಡಲು ಒಂದು ಗಿಡ್ಡ ಸ್ಟೂಲ್ ಹಾಕಿ, ಮಂಡಿ ಸೊಂಟಕ್ಕಿಂತ ಮೇಲೆ ಬಂದರೆ ಮಲ ಇಳಿಯುವ ದಾರಿ ನೇರವಾಗುತ್ತದೆ. ಮುದ್ದೆ ವಾಪಸ್ ತನ್ನಿ. ತಿಂಡಿ ಆದ ಅರ್ಧ ಗಂಟೆಯೊಳಗೆ, ಅವಸರ ಮಾಡದೆ, ಹೋಗಿ ಕೂರಲಿ. ರಾತ್ರಿ ಬೇಕಾಗುತ್ತದೆ ಅಂತ ನೀರು ಕಡಿಮೆ ಕುಡಿಯುತ್ತಾರೇನೋ, ಅದನ್ನೂ ಕೇಳಿ, ಅವರಾಗಿ ಹೇಳುವುದಿಲ್ಲ.

ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳು ಮಲ ಗಟ್ಟಿ ಮಾಡುತ್ತವೆ, ತಗೊಳ್ಳುತ್ತಿದ್ದರೆ ವೈದ್ಯರಿಗೆ ತಿಳಿಸಿ. ಹರಳೆಣ್ಣೆ ಪದೇಪದೇ ಬೇಡ, ಈ ವಯಸ್ಸಿನಲ್ಲಿ ಭೇದಿಯಾಗಿ ಸುಸ್ತಾಗಿ ಬಿದ್ದರೆ ಕಷ್ಟ. ಇಸಬ್‌ಗೋಲ್ ಕೊಡಿ, ದೊಡ್ಡ ಲೋಟ ನೀರಿನ ಜೊತೆ. ನೀರು ಕಡಿಮೆಯಾದರೆ ಅದೇ ಕಟ್ಟಿಕೊಳ್ಳುತ್ತದೆ. ಥೈರಾಯ್ಡ್ ಒಮ್ಮೆ ನೋಡಿಸಿ. ಒಂದು ವರ್ಷದಿಂದ ಹೊಸದಾಗಿ ಶುರುವಾಗಿದ್ದರಿಂದ, ರಕ್ತ ಹೋಗುತ್ತಿದ್ದರೆ ಅಥವಾ ತೂಕ ಇಳಿದಿದ್ದರೆ ಪೈಲ್ಸ್ ಅಂತ ನೀವೇ ತೀರ್ಮಾನ ಮಾಡದೆ ಪರೀಕ್ಷೆ ಮಾಡಿಸಿ.

ಪ್ರಶ್ನೆ: ಎರಡು ವರ್ಷದ ಮಗನಿಗೆ ನಿನ್ನೆಯಿಂದ ಭೇದಿ. ಹೊಟ್ಟೆಗೆ ರೆಸ್ಟ್ ಕೊಡಬೇಕು, ನೀರು ಕೊಟ್ಟರೆ ಇನ್ನೂ ಜಾಸ್ತಿ ಆಗುತ್ತೆ ಅಂತ ಅಜ್ಜಿ ಹೇಳುತ್ತಿದ್ದಾರೆ. ನಿಜವೇ?

ಉತ್ತರ: ಅಜ್ಜಿ ಪ್ರೀತಿಯಿಂದಲೇ ಹೇಳಿದ್ದಾರೆ, ಆದರೆ ಅದು ಅಪಾಯದ ಮಾತು. ಮಗುವನ್ನು ಕಂಗೆಡಿಸುವುದು ಮೈಯ ನೀರು, ಉಪ್ಪು ಹೋಗಿಬಿಡುವುದು. ಭೇದಿಯಲ್ಲೂ ಸಣ್ಣ ಕರುಳಿನ ಒಂದು ಬಾಗಿಲು ಕೆಲಸ ಮಾಡುತ್ತಲೇ ಇರುತ್ತದೆ: ಸಕ್ಕರೆಯೂ ಉಪ್ಪೂ ಒಟ್ಟಿಗೆ ಬಂದರೆ ಎರಡನ್ನೂ ಒಳಗೆ ಎಳೆದುಕೊಳ್ಳುತ್ತದೆ, ಹಿಂದೆಯೇ ನೀರು ಬರುತ್ತದೆ. ಓಆರ್‌ಎಸ್ ಇಷ್ಟೇ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರಲ್ಲಿ ಕಾಲರಾ ಹಬ್ಬಿ ಡ್ರಿಪ್ ಬಾಟಲಿಗಳು ಮುಗಿದಾಗ, ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರದಲ್ಲಿ ಡಾ. ದಿಲೀಪ್ ಮಹಾಲನಾಬಿಸ್ ಇದನ್ನೇ ಡ್ರಮ್ಮುಗಳಲ್ಲಿ ಕಲಸಿಟ್ಟು ಮನೆಯವರ ಕೈಯಿಂದಲೇ ರೋಗಿಗಳಿಗೆ ಕುಡಿಸಿದರು. ಅಲ್ಲಿ ಸುಮಾರು ಶೇ 30ರಷ್ಟಿದ್ದ ಸಾವು ಶೇ 4ಕ್ಕಿಂತ ಕೆಳಗೆ ಇಳಿಯಿತು.

ಪ್ಯಾಕೆಟ್ ಮೇಲೆ ಎಷ್ಟು ನೀರು ಅಂತ ಬರೆದಿದೆಯೋ ಅಷ್ಟರಲ್ಲೇ ಕಲಸಿ. ಪ್ಯಾಕೆಟ್ ಸಿಗದಿದ್ದರೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎಲ್ಲ ಸಮತಟ್ಟಾಗಿ ಅಳೆದು. ಒಮ್ಮೆಲೇ ಲೋಟ ತುಂಬ ಕೊಟ್ಟರೆ ವಾಂತಿ ಮಾಡುತ್ತಾನೆ, ಚಮಚದಲ್ಲಿ ಒಂದೆರಡು ನಿಮಿಷಕ್ಕೊಮ್ಮೆ ಕೊಡಿ. ಡಬ್ಬಿಯ ಜ್ಯೂಸ್ ಬೇಡ. ಎದೆಹಾಲು, ಗಂಜಿ, ಮೊಸರನ್ನ, ಬಾಳೆಹಣ್ಣು ನಿಲ್ಲಿಸಬೇಡಿ. 14 ದಿನ ಜಿಂಕ್ ಕೊಡಬೇಕು, ಅಂಗನವಾಡಿ ಅಥವಾ ಆಶಾ ಕಾರ್ಯಕರ್ತೆಯನ್ನು ಕೇಳಿ. ಕಣ್ಣು ಗುಳಿ ಬಿದ್ದರೆ, ಅತ್ತರೂ ಕಣ್ಣೀರು ಬರದಿದ್ದರೆ, ಆರು ಗಂಟೆ ಉಚ್ಚೆ ಮಾಡದಿದ್ದರೆ, ಮಲದಲ್ಲಿ ರಕ್ತ ಕಂಡರೆ, ಮಂಕಾಗಿ ಏನೂ ಕುಡಿಯದಿದ್ದರೆ ರಾತ್ರಿಯಾಗಿದ್ದರೂ ಆಸ್ಪತ್ರೆಗೆ ಹೊರಡಿ, ದಾರಿಯಲ್ಲೂ ಚಮಚದಲ್ಲಿ ಕುಡಿಸುತ್ತಲೇ ಇರಿ.